ಫಾರ್ ಲ್ಯಾಪ್: ನೂರ ಅರವತ್ತು ಗಿನಿಯ ಕುದುರೆ ಮತ್ತು ಅದರ ಲಾಯದ ಹುಡುಗ

ಮೆಲ್ಬರ್ನ್ ಕನ್ನಡತಿ

ಕಳೆದ ತಿಂಗಳು ಅಪ್ಪ ಅಮ್ಮ ಊರಿನಿಂದ ಬಂದಿದ್ದಾಗ ಇಲ್ಲಿನ ಮೆಲ್ಬರ್ನ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು, ರೇಸಿನ ಗಾಳಿ ಗಂಧ ಗೊತ್ತಿಲ್ಲದವರು. ಗಾಜಿನ ಪೆಟ್ಟಿಗೆಯೊಳಗೆ ನಿಂತಿರುವ ಒಂದು ಕೆಂಗಂದು ಕುದುರೆಯ ಮುಂದೆ ಬಂದವರು ಅಲ್ಲಿಯೇ ನಿಂತುಬಿಟ್ಟರು. "ಇದು ಯಾವ ರಾಜನ ಕುದುರೆ?" ಎಂದು ಕೇಳಿದರು. ಯಾವ ರಾಜನದೂ ಅಲ್ಲ, ಕೊಂಡ ಧಣಿಯೇ ಬೇಡವೆಂದ ಕುದುರೆ ಎಂದೆ. ಅವತ್ತು ಮನೆಗೆ ಬರುವವರೆಗೂ ಬೇರೆ ಮಾತೇ ಆಗಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಈ ಕುದುರೆಯ ಬಗ್ಗೆ ನಾನು ಹೆಚ್ಚೇನೂ ಓದಿಲ್ಲ.

ಫಾರ್ ಲ್ಯಾಪ್ ಹುಟ್ಟಿದ್ದು 1926ರ ಅಕ್ಟೋಬರ್ 4ರಂದು, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಟಿಮರು ಊರಿನ ಹತ್ತಿರ. ತಂದೆ ನೈಟ್ ರೇಡ್, ತಾಯಿ ಎಂಟ್ರೀಟಿ. ಆಗ ಸಿಡ್ನಿಯಲ್ಲಿ ಹ್ಯಾರಿ ಟೆಲ್ಫರ್ಡ್ ಎಂಬ ಟ್ರೇನರ್ ಇದ್ದ. ಕೈಯಲ್ಲಿ ಒಳ್ಳೆಯ ಕುದುರೆಯಿಲ್ಲ, ಜೇಬಿನಲ್ಲಿ ಹಣವಿಲ್ಲ. ಆದರೆ ಕುದುರೆಗಳ ವಂಶಾವಳಿಯನ್ನು ಕೂತು ಓದುವ ಅಭ್ಯಾಸವಿತ್ತು. 1928ರ ಹರಾಜಿನ ಪಟ್ಟಿಯಲ್ಲಿ ಈ ಮರಿಯ ವಂಶವನ್ನು ಕಂಡು ಅವನ ಕಣ್ಣು ಅಲ್ಲಿಯೇ ನಿಂತಿತು. ಡೇವಿಡ್ ಡೇವಿಸ್ ಎಂಬ ಅಮೆರಿಕದ ವ್ಯಾಪಾರಿಯನ್ನು ಹಣ ಹಾಕಲು ಒಪ್ಪಿಸಿದ. ನ್ಯೂಜಿಲೆಂಡಿನಲ್ಲಿದ್ದ ಸಹೋದರ ಹ್ಯೂ ಹರಾಜಿಗೆ ಹೋದ. 190 ಗಿನಿಯವರೆಗೆ (ಗಿನಿ ಎಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು) ಕೂಗಬಹುದು ಎಂಬ ಅಪ್ಪಣೆಯಿತ್ತು, 160ಕ್ಕೇ ಸಿಕ್ಕಿತು.

ಹಡಗಿನಿಂದ ಇಳಿದ ಕುದುರೆಯನ್ನು ಕಂಡು ಡೇವಿಸ್ ಸಿಟ್ಟಾದ. ಮುಖದ ತುಂಬ ನರಹುಲಿ, ಒಣಕಲು ಮೈ, ಉದ್ದುದ್ದ ಕಾಲು, ನಡಿಗೆಯಲ್ಲಿ ಹದವಿಲ್ಲ. ಇದರ ತರಬೇತಿಗೆ ಒಂದು ಕಾಸೂ ಕೊಡುವುದಿಲ್ಲ ಎಂದುಬಿಟ್ಟ. ಕೊನೆಗೆ ಒಪ್ಪಂದವಾಯಿತು: ಮೂರು ವರ್ಷ ಕುದುರೆ ಟೆಲ್ಫರ್ಡ್‌ನ ಗುತ್ತಿಗೆಯಲ್ಲಿ, ಖರ್ಚೆಲ್ಲ ಅವನದೇ, ಗೆದ್ದರೆ ಮೂರರಲ್ಲಿ ಎರಡು ಪಾಲು ಅವನಿಗೆ, ಒಂದು ಪಾಲು ಧಣಿಗೆ. ಗೆದ್ದರೆ ತಾನೆ!

1929ರ ಫೆಬ್ರವರಿಯಲ್ಲಿ ಮೊದಲ ರೇಸು. ಎಲ್ಲರಿಗಿಂತ ಹಿಂದೆ ಬಂತು. ಮುಂದಿನ ಮೂರರಲ್ಲಿಯೂ ಲೆಕ್ಕಕ್ಕಿಲ್ಲ. ಐದನೆಯ ಓಟ, ಏಪ್ರಿಲ್ 27, ಸಿಡ್ನಿಯ ರೋಸ್‌ಹಿಲ್ ಮೈದಾನ, ಅದುವರೆಗೆ ಒಂದೂ ಗೆಲ್ಲದ ಎಳೆಯ ಕುದುರೆಗಳ ಸಣ್ಣ ರೇಸು. ಅದರಲ್ಲಿ ಗೆದ್ದಿತು. ಅದೇ ವರ್ಷದ ಕೊನೆಗೆ ಸಿಡ್ನಿಯ ಎಜೆಸಿ ಡರ್ಬಿ, ಮೆಲ್ಬರ್ನಿನ ವಿಕ್ಟೋರಿಯ ಡರ್ಬಿ ಎಂಬ ದೊಡ್ಡ ರೇಸುಗಳೆರಡೂ ಇದರ ಪಾಲಾದವು. ಏಪ್ರಿಲ್‌ನಿಂದ ನವೆಂಬರಿಗೆ ಆರೇಳು ತಿಂಗಳು, ಅಷ್ಟೇ.

ಹೆಸರಿನ ಬಗ್ಗೆಯೂ ಹೇಳಬೇಕು. ಇದು ಇಂಗ್ಲಿಷ್ ಹೆಸರಲ್ಲ. ಸಿಡ್ನಿಯಲ್ಲಿ ವೈದ್ಯಕೀಯ ಓದುತ್ತಿದ್ದ ಆಬ್ರಿ ಪಿಂಗ್ ಎಂಬ ಚೀನೀ ಮೂಲದ ವಿದ್ಯಾರ್ಥಿ ಸೂಚಿಸಿದ ಮಾತು. ಥಾಯ್ ಭಾಷೆಯಲ್ಲಿಯೂ ದಕ್ಷಿಣ ಚೀನಾದ ಜುವಾಂಗ್ ಜನರ ಭಾಷೆಯಲ್ಲಿಯೂ ಅದಕ್ಕೆ ಮಿಂಚು ಎಂದು ಅರ್ಥ. ಇಲ್ಲಿನ ಅತಿ ಹೆಸರಾಂತ ರೇಸಾದ ಮೆಲ್ಬರ್ನ್ ಕಪ್ ಗೆದ್ದ ಎಷ್ಟೋ ಕುದುರೆಗಳ ಹೆಸರಿನಲ್ಲಿ ಎರಡು ಪದ, ಇಂಗ್ಲಿಷಿನಲ್ಲಿ ಏಳು ಅಕ್ಷರ ಇರುತ್ತಿದ್ದವೆಂದು ಇದನ್ನೂ ಹಾಗೆಯೇ ಒಡೆದು ಬರೆದರು. ಬಡವನ ಆಸೆ ಎಷ್ಟು ಸಣ್ಣ ಸಣ್ಣ ವಿಷಯವನ್ನೂ ಹಿಡಿದುಕೊಳ್ಳುತ್ತದೆ ನೋಡಿ.

ಹಳೆ ಮೈಸೂರಿಗ

ಒಳ್ಳೆಯ ಬರಹ ಮೇಡಂ. ಒಂದು ಮಾತಿಗೆ ಮಾತ್ರ ನನ್ನ ತಕರಾರು. ಎಲ್ಲಿಂದಲೋ ಬಂದ ಕುದುರೆ ಎಂಬ ಭಾವನೆ ಓದುಗರಿಗೆ ಬರಬಾರದು. ಮೈಸೂರು ರೇಸ್ ಕೋರ್ಸಿನ ಬೇಲಿ ಹಿಡಿದು ಮೂವತ್ತು ವರ್ಷ ಕುದುರೆ ನೋಡಿದವನು ನಾನು. ಈ ಆಟದಲ್ಲಿ ರಕ್ತ ಸುಳ್ಳು ಹೇಳುವುದಿಲ್ಲ. ಟೆಲ್ಫರ್ಡ್ ಪಟ್ಟಿಯಲ್ಲಿ ಕಂಡದ್ದು ಏನು? ಕಾರ್ಬೈನ್ ಎಂಬ ಮಹಾ ಕುದುರೆಯ ರಕ್ತ. 1890ರ ಮೆಲ್ಬರ್ನ್ ಕಪ್ಪನ್ನು 10 ಸ್ಟೋನ್ 5 ಪೌಂಡ್, ಅಂದರೆ ಸುಮಾರು 66 ಕಿಲೋ ಹೊತ್ತು ಗೆದ್ದದ್ದು ಅದು. ಅದೇ ನೈಟ್ ರೇಡ್‌ನ ಇನ್ನೊಂದು ಮಗ ನೈಟ್‌ಮಾರ್ಚ್ 1929ರ ಮೆಲ್ಬರ್ನ್ ಕಪ್ ಗೆದ್ದಿತು. ಆ ರೇಸಿನಲ್ಲಿ ನಿಮ್ಮ ಫಾರ್ ಲ್ಯಾಪ್ ಓಡಿ ಮೂರನೆಯದಾಯಿತು. ಹಾಗಾಗಿ ಇದು ಪವಾಡವಲ್ಲ. ಓದಲು ಬರುವವನು ಓದಿದ, ಉಳಿದವರು ನರಹುಲಿ ನೋಡಿದರು.

ಅಂಕಿ ಪ್ರೇಮಿ

ಮೈಸೂರಿಗರೇ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಉತ್ತರ ಅದೇ ವಂಶಾವಳಿಯಲ್ಲಿದೆ. ನೈಟ್ ರೇಡ್ ಮತ್ತು ಎಂಟ್ರೀಟಿಗೆ ಹುಟ್ಟಿದ ಒಡಹುಟ್ಟುಗಳು ಇನ್ನೂ ಏಳು ಇದ್ದವು. ಅದೇ ತಂದೆ, ಅದೇ ತಾಯಿ, ಅದೇ ಕಾರ್ಬೈನ್‌ನ ರಕ್ತ. ಏಳರಲ್ಲಿ ಒಂದೂ ಒಂದು ಪ್ರಮುಖ ರೇಸು ಗೆಲ್ಲಲಿಲ್ಲ. ಫಾರ್ ಲ್ಯಾಪ್ ಹೆಸರಾದ ಮೇಲೆ ವಂಶ ನೋಡಿ ಅವುಗಳಿಗೆ ಹಣ ಸುರಿದವರೆಲ್ಲ ನಿಮ್ಮ ಹಾಗೆಯೇ ವಾದಿಸಿರಬೇಕು. ರಕ್ತ ಬಾಗಿಲು ತೆರೆಯುತ್ತದೆ, ಒಳಗೆ ನಡೆದುಹೋಗುವ ಕಾಲು ಬೇರೆಯೇ.

ಒಟ್ಟು ಲೆಕ್ಕ ಹೇಳಿಬಿಡುತ್ತೇನೆ: 51 ಓಟ, 37 ಗೆಲುವು. ಇದಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಲೆಕ್ಕ. ಮೂರು ವರ್ಷದ ಕುದುರೆಯಾಗಿ ಮೆಲ್ಬರ್ನಿನ ಸೇಂಟ್ ಲೆಜರ್ ಎಂಬ ರೇಸು ಗೆದ್ದಲ್ಲಿಂದ ಮೆಕ್ಸಿಕೋದ ಕೊನೆಯ ರೇಸಿನವರೆಗೆ 35 ಓಟಗಳಲ್ಲಿ 32 ಗೆಲುವು. ಗೆಲ್ಲದ ಮೂರರಲ್ಲಿ ಎರಡು ಸಲ ಕೂದಲೆಳೆಯ ಅಂತರದಲ್ಲಿ ಎರಡನೆಯ ಸ್ಥಾನ. 1930ರಿಂದ 1931ರ ನಡುವೆ ಸತತ 14 ಗೆಲುವು. 160 ಗಿನಿ ಎಂದರೆ 168 ಪೌಂಡ್. ಗೆದ್ದ ಬಹುಮಾನ 66,000 ಪೌಂಡಿಗೂ ಮೇಲೆ. ಕೊಂಡ ಬೆಲೆಯ ಸುಮಾರು ನಾನೂರು ಪಟ್ಟು.

ಮಲೆನಾಡಿನ ಓದುಗ

ಇಷ್ಟು ಸಂಭ್ರಮದ ನಡುವೆ ಅಪಸ್ವರ ತೆಗೆಯುವುದಕ್ಕೆ ಕ್ಷಮಿಸಿ. ನನ್ನ ಸೋದರಮಾವ ರೇಸಿನ ಚಟಕ್ಕೆ ಬಿದ್ದು ಎರಡು ಎಕರೆ ಅಡಿಕೆ ತೋಟ ಕಳೆದುಕೊಂಡರು. ಅತ್ತೆ ಕೊನೆಯ ದಿನಗಳಲ್ಲಿ ತವರಿಗೆ ಬಂದು ಇದ್ದರು. ನಮ್ಮ ಮನೆಯಲ್ಲಿ "ಕುದುರೆ" ಎಂಬ ಮಾತು ಬಂದರೆ ಈಗಲೂ ಎಲ್ಲರೂ ಸುಮ್ಮನಾಗುತ್ತಾರೆ. ಕುದುರೆಯ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಓಡುವುದೊಂದೇ ಗೊತ್ತು. ಆದರೆ ಒಂದು ಇಡೀ ದೇಶ ಜೂಜಿನ ಕುದುರೆಯನ್ನು ಗಾಜಿನೊಳಗಿಟ್ಟು ನೋಡುವುದು ಯಾಕೆ? ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದೇನೆ.

ಮೆಲ್ಬರ್ನ್ ಕನ್ನಡತಿ

ನಿಮ್ಮ ಪ್ರಶ್ನೆಗೆ ನೋಯುವ ಕಾರಣವೇನೂ ಇಲ್ಲ. ಇಲ್ಲಿಯೂ ಅಂಥ ಮನೆಗಳಿವೆ. ನವೆಂಬರಿನ ಮೊದಲ ಮಂಗಳವಾರ ಕಪ್ಪಿನ ದಿನವೆಂದು ಮೆಲ್ಬರ್ನಿಗೆ ಸರ್ಕಾರಿ ರಜೆ. ಆ ದಿನ ಟಿ.ವಿ. ಹಾಕದ ಮನೆಗಳೂ ನನ್ನ ಬೀದಿಯಲ್ಲಿವೆ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಆ ವರ್ಷಗಳನ್ನು ನೆನಪಿಗೆ ತಂದುಕೊಳ್ಳಿ. 1929ರಲ್ಲಿ ಮಹಾ ಆರ್ಥಿಕ ಕುಸಿತ ಶುರುವಾಯಿತು. 1932ರ ಹೊತ್ತಿಗೆ ಆಸ್ಟ್ರೇಲಿಯದ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಗಂಡಸರು ಹೆಗಲಿಗೆ ಕಂಬಳಿ ಸುತ್ತಿಕೊಂಡು ಊರಿಂದೂರಿಗೆ ಕೂಲಿ ಹುಡುಕಿ ನಡೆಯುತ್ತಿದ್ದರು. ಸರಿಯಾಗಿ ಆ ಕಾಲಕ್ಕೆ, ಧಣಿಗೇ ಬೇಡವಾಗಿದ್ದ ಕುದುರೆಯೊಂದು, ಸಾಲಗಾರ ಟ್ರೇನರನ ಕೈಯಲ್ಲಿ, ದೊಡ್ಡವರ ಕುದುರೆಗಳನ್ನೆಲ್ಲ ಹಿಂದಿಕ್ಕುತ್ತಾ ಬಂತು. ಒಂದು ಶಿಲ್ಲಿಂಗನ್ನೂ ಕಟ್ಟದವರು ಬೇಲಿಯ ಹೊರಗೆ ನಿಂತು ಕೂಗುತ್ತಿದ್ದುದು ಲಾಭಕ್ಕಲ್ಲ.

ಲಾಭದ ಮಾತು ಬಂದದ್ದಕ್ಕೆ 1930ರ ಕಪ್ಪಿನ ಕಥೆ ಹೇಳಬೇಕು. ಆ ದಿನ ಫಾರ್ ಲ್ಯಾಪ್ ಮೇಲೆ ಹನ್ನೊಂದು ಶಿಲ್ಲಿಂಗ್ ಕಟ್ಟಿದರೆ ಸಿಗುತ್ತಿದ್ದ ಲಾಭ ಎಂಟೇ ಶಿಲ್ಲಿಂಗ್. ಕಟ್ಟಿದ್ದಕ್ಕಿಂತ ಕಡಿಮೆ ಲಾಭ ಕೊಡುವಷ್ಟು ನೆಚ್ಚಿನ ಕುದುರೆ ಮೆಲ್ಬರ್ನ್ ಕಪ್ಪಿನ ಇತಿಹಾಸದಲ್ಲಿ ಅದೊಂದೇ. ಆದರೆ ಬುಕ್ಕಿಗಳ ನಿದ್ದೆ ಕೆಡಿಸಿದ್ದು ಜೋಡಿ ಪಂಥ. ಕಾಲ್‌ಫೀಲ್ಡ್ ಕಪ್ ಎಂಬ ಇನ್ನೊಂದು ರೇಸನ್ನು ಅಮೌನಿಸ್ ಎಂಬ ಕುದುರೆ, ಮೆಲ್ಬರ್ನ್ ಕಪ್ಪನ್ನು ಫಾರ್ ಲ್ಯಾಪ್ ಗೆಲ್ಲುತ್ತದೆ ಎಂದು ಜನ ಮೊದಲೇ ಕಟ್ಟಿದ್ದರು. ಕೊನೆಗಳಿಗೆಯಲ್ಲಿ ಫಾರ್ ಲ್ಯಾಪನ್ನು ಕಾಲ್‌ಫೀಲ್ಡ್‌ನಿಂದ ಹಿಂತೆಗೆದರು, ಅಮೌನಿಸ್ ಗೆದ್ದಿತು. ಇನ್ನು ಫಾರ್ ಲ್ಯಾಪ್ ಒಂದು ಗೆದ್ದರೆ ಬುಕ್ಕಿಗಳಿಗೆ ಭಾರಿ ನಷ್ಟ.

ನವೆಂಬರ್ 1, ಶನಿವಾರ ಬೆಳಿಗ್ಗೆ. ಓಟದ ಅಭ್ಯಾಸ ಮುಗಿಸಿ ಲಾಯಕ್ಕೆ ಮರಳುತ್ತಿದ್ದಾಗ ಒಂದು ಕಾರಿನಿಂದ ಕುದುರೆಯತ್ತ ಗುಂಡು ಹಾರಿತು. ಜೊತೆಯಲ್ಲಿ ತಟ್ಟುವಿನ ಮೇಲಿದ್ದ ಲಾಯದ ಹುಡುಗ ಟಾಮಿ ವುಡ್‌ಕಾಕ್ ತನ್ನ ತಟ್ಟುವನ್ನೇ ಅಡ್ಡ ತಂದ. ಗುಂಡು ತಾಗಲಿಲ್ಲ. ಹಾರಿಸಿದವರು ಸಿಗಲೇ ಇಲ್ಲ. ಅದೇ ಮಧ್ಯಾಹ್ನ ಕುದುರೆ ಮೆಲ್ಬರ್ನ್ ಸ್ಟೇಕ್ಸ್ ಓಡಿ ಗೆದ್ದಿತು! ಆಮೇಲೆ ಜೀಲಾಂಗ್ ಹತ್ತಿರದ ಒಂದು ಕುದುರೆ ಸಾಕಣೆ ಕೇಂದ್ರದಲ್ಲಿ ಬಚ್ಚಿಟ್ಟರು. ಕಪ್ಪಿನ ದಿನ ಹೊರಡುವಾಗ ಸಾಗಿಸುವ ಲಾರಿ ಸ್ಟಾರ್ಟ್ ಆಗದೆ ಸತಾಯಿಸಿತು. ಫ್ಲೆಮಿಂಗ್ಟನ್ ಮೈದಾನ ಮುಟ್ಟಿದಾಗ ರೇಸಿಗೆ ಮುಕ್ಕಾಲು ಗಂಟೆಯೂ ಇರಲಿಲ್ಲ. ಸುಮಾರು 62.5 ಕಿಲೋ ಹೊತ್ತು, ಜಿಮ್ ಪೈಕ್ ಸವಾರಿಯಲ್ಲಿ, ಎರಡು ಮೈಲಿ ಓಡಿ ಮೂರು ಕುದುರೆಯುದ್ದದ ಅಂತರದಿಂದ ಗೆದ್ದಿತು. ಎರಡು ದಿನ ಬಿಟ್ಟು ಗುರುವಾರ ಮತ್ತೊಂದು, ಶನಿವಾರ ಇನ್ನೊಂದು. ಎಂಟು ದಿನದೊಳಗೆ ನಾಲ್ಕು ಗೆಲುವು.

ನೀವು ಕೇಳಿದ "ಯಾಕೆ" ಎಂಬುದಕ್ಕೆ ಇದೇ ನನ್ನ ಉತ್ತರ. ಜೂಜಿನವರು ಕೊಲ್ಲಲು ನೋಡಿದರೆಂದು ಜನ ನಂಬಿದ ಕುದುರೆ ಇದು. ಜನ ಅದನ್ನು ತಮ್ಮ ಕಡೆಯದು ಎಂದುಕೊಂಡರು.

ಮಲೆನಾಡಿನ ಓದುಗ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಆ ಹುಡುಗನ ಬಗ್ಗೆ ಇನ್ನಷ್ಟು ಬರೆಯಿರಿ.

ಲಾಯದ ಮಗಳು

ನಾಲ್ಕು ದಿನದಿಂದ ಇಲ್ಲಿನ ಬರಹಗಳನ್ನು ನನ್ನ ಅಪ್ಪನಿಗೆ ಓದಿ ಹೇಳುತ್ತಿದ್ದೇನೆ. ಅವರು ಬೆಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ಸೈಸ್, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ಈಗ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಗುಂಡಿನ ಭಾಗ ಓದಿದಾಗ ಎರಡು ಸಲ ಓದಿಸಿದರು. "ತಟ್ಟುವನ್ನು ಅಡ್ಡ ತಂದನೋ? ತಾನೂ ಅದರ ಮೇಲೆಯೇ ಕೂತಿದ್ದನೋ?" ಎಂದು ಕೇಳಿದರು. ಹೌದು ಎಂದೆ. ಬಹಳ ಹೊತ್ತು ಮಾತಾಡಲಿಲ್ಲ.

ಟ್ರೇನರನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಜಾಕಿಯ ಚಿತ್ರ ಬರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಲಾಯದ ಬಾಗಿಲು ತೆಗೆದು, ರಾತ್ರಿ ಹಾಕಿದ ಮೇವಿನಲ್ಲಿ ಎಷ್ಟು ಉಳಿದಿದೆ ಎಂದು ಮೊದಲು ನೋಡುವವನು ಸೈಸ್. ಮೇವು ಉಳಿದಿದ್ದರೆ ಅಪ್ಪನ ಮುಖ ಆ ದಿನವೆಲ್ಲ ಕಂದಿರುತ್ತಿತ್ತು. ಕುದುರೆ ಕಂಡರೆ ಅವರು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಕೈಯಿಂದ ಕಣಕಾಲು ಮುಟ್ಟಿ ಬಿಸಿಯಿದೆಯೇ ಎಂದು ನೋಡುತ್ತಾರೆ. ಫಾರ್ ಲ್ಯಾಪ್ ಮುಖದ ನರಹುಲಿಯ ಮಾತು ಬಂದಾಗ, "ಎಳೆಯ ಕುದುರೆಗೆ ಅದು ಬರುತ್ತದೆ, ಹೋಗುತ್ತದೆ. ಅದನ್ನು ನೋಡಿ ಬೇಡ ಎನ್ನುತ್ತಾರೆಯೇ?" ಎಂದರು.

ವುಡ್‌ಕಾಕ್ ಬಗ್ಗೆ ಹುಡುಕಿ ಓದಿ ಅಪ್ಪನಿಗೆ ಹೇಳಿದೆ. ಅವನು ಆ ಕುದುರೆಯನ್ನು "ಬಾಬಿ" ಎಂದು ಕರೆಯುತ್ತಿದ್ದ. ಅವನು ಹತ್ತಿರವಿಲ್ಲದಿದ್ದರೆ ಅದು ಮೇವು ಮುಟ್ಟುತ್ತಿರಲಿಲ್ಲ ಎಂದು ಆಗಿನವರು ಹೇಳುತ್ತಿದ್ದರಂತೆ. ಟೆಲ್ಫರ್ಡ್ ಕಠಿಣ ಕೆಲಸದ ಮನುಷ್ಯ. ಮರಳು ದಿಬ್ಬಗಳ ಮೇಲೆ ಓಡಿಸಿ ಓಡಿಸಿ ಕುದುರೆಯನ್ನು ಗಟ್ಟಿ ಮಾಡಿದ. ವುಡ್‌ಕಾಕ್‌ನದು ಬೇರೆ ದಾರಿ, ಮೆತ್ತನೆಯ ದಾರಿ. ಎರಡೂ ಬೇಕಿತ್ತು ಎಂದು ಅಪ್ಪನ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ, ಆದರೆ ಅವರು ಬಲ್ಲವರು.

1932ರಲ್ಲಿ ಮೊನೊವಾಯ್ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಟೆಲ್ಫರ್ಡ್ ಹೋಗಲಿಲ್ಲ. ಲಾಯದ ಹುಡುಗನೇ ಟ್ರೇನರ್ ಆಗಿ ಹೋದ. ಅಲ್ಲಿಂದ ಮೆಕ್ಸಿಕೋದ ಟಿಹ್ವಾನಾಕ್ಕೆ, ಅಗ್ವಾ ಕಾಲಿಯೆಂಟೆ ಮೈದಾನಕ್ಕೆ. ಹುಲ್ಲಿನ ಮೇಲೆ ಓಡಿ ಬೆಳೆದ ಕುದುರೆ ಮೊದಲ ಸಲ ಮಣ್ಣಿನ ಓಟದ ಹಾದಿ ಕಂಡಿತು. ಸಾಲದ್ದಕ್ಕೆ ರೇಸಿಗೆ ಮುಂಚೆ ಗೊರಸು ಬಿರುಕು ಬಿಟ್ಟಿತು, ಹಿಂಬದಿ ಮುಚ್ಚಿದ ಬೇರೆ ಲಾಳ ಕಟ್ಟಿದರು. ಮಾರ್ಚ್ 20ರಂದು ಬಿಲ್ಲಿ ಎಲಿಯಟ್ ಸವಾರಿಯಲ್ಲಿ ಓಡಿ, ಆ ಮೈದಾನದ ದಾಖಲೆ ಮುರಿದು ಗೆದ್ದಿತು. "ಬಿರುಕು ಬಿಟ್ಟ ಗೊರಸಿನಲ್ಲಿ?" ಎಂದು ಅಪ್ಪ ಕೂತಲ್ಲಿಂದ ಎದ್ದರು.

ಇನ್ನೊಂದು ಮಾತು. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಅಪ್ಪ ಆರು ವರ್ಷ ನೋಡಿಕೊಂಡಿದ್ದ ಒಂದು ಹೆಣ್ಣು ಕುದುರೆಯನ್ನು ಅದರ ಒಡೆಯರು ಒಂದು ರಾತ್ರಿ ಮಾರಿ ಕಳಿಸಿದ್ದರು. ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹೋದರೆ ಲಾಯ ಖಾಲಿ, ಬಕೆಟ್ಟು ಮಾತ್ರ ಇತ್ತು. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಆಗ ಆರನೆಯ ತರಗತಿ. ಅದಕ್ಕೇ ಫಾರ್ ಲ್ಯಾಪ್ ಸತ್ತ ಭಾಗವನ್ನು ಇನ್ನೂ ಅವರಿಗೆ ಓದಿಲ್ಲ. ಹೇಗೆ ಸತ್ತಿತು ಎಂದು ಬಲ್ಲವರು ಯಾರಾದರೂ ಸರಿಯಾಗಿ ಬರೆದರೆ, ಅದನ್ನೇ ಓದುತ್ತೇನೆ. ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ.

ಪಶುವೈದ್ಯ ಹಾಸನ

ಲಾಯದ ಮಗಳೇ, ನನಗೆ ತಿಳಿದದ್ದನ್ನು ಬರೆಯುತ್ತೇನೆ. ನಿಧಾನವಾಗಿ ಓದಿ ಹೇಳಿ.

ಮೆಕ್ಸಿಕೋದ ಗೆಲುವಾಗಿ ಹದಿನಾರು ದಿನ. ಕುದುರೆ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕ್ ಹತ್ತಿರದ ಒಂದು ಸಾಕಣೆ ಕೇಂದ್ರದಲ್ಲಿ ವಿಶ್ರಾಂತಿಯಲ್ಲಿತ್ತು. 1932ರ ಏಪ್ರಿಲ್ 5ರ ಬೆಳಿಗ್ಗೆ ವುಡ್‌ಕಾಕ್ ನೋಡುವಾಗ ವಿಪರೀತ ಜ್ವರ, ಹೊಟ್ಟೆ ನೋವು. ಕೆಲವೇ ತಾಸುಗಳಲ್ಲಿ ರಕ್ತಸ್ರಾವವಾಗಿ, ಅವನ ತೋಳಿನಲ್ಲಿಯೇ ಪ್ರಾಣ ಬಿಟ್ಟಿತು. ಐದೂವರೆ ವರ್ಷದ ಕುದುರೆ.

ಅಂದಿನಿಂದ ಮೂರು ನಾಲ್ಕು ವಾದಗಳಿವೆ. ಅಮೆರಿಕದ ಜೂಜುಕೋರರು ವಿಷ ಹಾಕಿದರು ಎಂಬುದು ಜನಜನಿತ. ಮರಗಳಿಗೆ ಹೊಡೆದ ಕೀಟನಾಶಕ ಹುಲ್ಲಿನ ಮೇಲೆ ಬಿದ್ದು ಹೊಟ್ಟೆ ಸೇರಿತು ಎಂಬುದು ಇನ್ನೊಂದು. ದೂರ ಪ್ರಯಾಣ ಮಾಡಿದ, ದಣಿದ ಕುದುರೆಗಳ ಸಣ್ಣ ಕರುಳಿನ ಮೊದಲ ಭಾಗಕ್ಕೆ ಉರಿಯೂತ ಬಂದು ಹಠಾತ್ತನೆ ಸಾಯುವ ಕಾಯಿಲೆಯೊಂದಿದೆ, ಇದು ಅದೇ ಎಂದು ಕೆಲವು ಪಶುವೈದ್ಯರು ಹೇಳಿದರು. ಲಕ್ಷಣಗಳು ಹೊಂದುತ್ತವೆ ಎಂಬುದು ನಿಜ.

2000ದ ದಶಕದಲ್ಲಿ ಐವನ್ ಕೆಂಪ್ಸನ್, ಡರ್ಮಟ್ ಹೆನ್ರಿ ಎಂಬ ವಿಜ್ಞಾನಿಗಳು ಮೆಲ್ಬರ್ನ್ ಸಂಗ್ರಹಾಲಯದಲ್ಲಿ ತುಂಬಿ ನಿಲ್ಲಿಸಿರುವ ಚರ್ಮದಿಂದ ಕೇಸರದ ಕೆಲವು ಕೂದಲು ತೆಗೆದು ಸಿಂಕ್ರೊಟ್ರಾನ್ ಎಂಬ ಯಂತ್ರದ ಅತಿ ತೀಕ್ಷ್ಣ ಎಕ್ಸ್-ರೇ ಕಿರಣಗಳಲ್ಲಿ ಪರೀಕ್ಷಿಸಿದರು. ಕೂದಲು ಬುಡದಿಂದ ದಿನವೂ ಬೆಳೆಯುತ್ತದೆ. ಹಾಗಾಗಿ ದೇಹಕ್ಕೆ ಯಾವಾಗ ಏನು ಸೇರಿತು ಎಂಬುದು ಅದರಲ್ಲಿ ದಿನಚರಿಯ ಹಾಗೆ ಉಳಿದಿರುತ್ತದೆ. ಚರ್ಮ ಹದ ಮಾಡುವಾಗಲೂ ಆರ್ಸೆನಿಕ್ ಬಳಸುತ್ತಿದ್ದರು. ಅದನ್ನು ಬೇರೆ ಮಾಡಿ, ರಕ್ತದ ಮೂಲಕ ಕೂದಲಿಗೆ ಬಂದದ್ದನ್ನು ಗುರುತಿಸುವುದೇ ಅವರ ಕೆಲಸದ ಕಷ್ಟದ ಭಾಗ. ಸಾಯುವುದಕ್ಕೆ ಸುಮಾರು 30ರಿಂದ 40 ತಾಸು ಮೊದಲು ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಆರ್ಸೆನಿಕ್ ಹೊಟ್ಟೆ ಸೇರಿದೆ ಎಂದು ಅವರ ತೀರ್ಮಾನ.

ಹಾಗಾದರೆ ಕೊಲೆಯೇ? ಅವಸರ ಬೇಡ. ಆ ಕಾಲದಲ್ಲಿ ಹಸಿವು ಹೆಚ್ಚಲಿ, ಮೈ ಹೊಳೆಯಲಿ ಎಂದು ಕುದುರೆಗಳಿಗೆ ಆರ್ಸೆನಿಕ್ ಬೆರೆತ ಟಾನಿಕ್ ಕೊಡುವುದು ಸಾಮಾನ್ಯವಾಗಿತ್ತು. ಟೆಲ್ಫರ್ಡ್ ತನ್ನ ಟಾನಿಕ್‌ಗಳ ಪಾಕ ಬರೆದಿಟ್ಟಿದ್ದ ಪುಸ್ತಕ 2008ರಲ್ಲಿ ಹರಾಜಿಗೆ ಬಂದು ಅದೇ ವಸ್ತುಸಂಗ್ರಹಾಲಯದ ಕೈ ಸೇರಿತು. ಅದರಲ್ಲಿ ಆರ್ಸೆನಿಕ್, ಸ್ಟ್ರಿಕ್ನಿನ್, ಕೊಕೇನ್, ಕೆಫೀನ್ ಎಲ್ಲವೂ ಇವೆ. ಇಂಥ ಔಷಧಗಳಲ್ಲಿ ಹಿತಕ್ಕೂ ಹಾನಿಗೂ ನಡುವೆ ಒಂದು ಚಮಚದ ಅಂತರವಿರುತ್ತದೆ. ನನ್ನ ಮನಸ್ಸು ಟಾನಿಕ್ಕಿನ ಅಳತೆ ತಪ್ಪಿದ ಕಡೆಗೇ ವಾಲುತ್ತದೆ, ದ್ವೇಷದ ಕಡೆಗಲ್ಲ. ಹಳ್ಳಿಗಳಲ್ಲಿ ಪ್ರೀತಿಯಿಂದಲೇ ಎತ್ತಿಗೆ ಎರಡು ಪಟ್ಟು ಔಷಧಿ ಕುಡಿಸಿ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದ ರೈತರನ್ನು ನಾನು ಎಷ್ಟೋ ನೋಡಿದ್ದೇನೆ. ಅವರ ಅಳುವನ್ನೂ ನೋಡಿದ್ದೇನೆ. ಆದರೆ ಅಂದು ಟಾನಿಕ್ ಕೊಟ್ಟ ಕೈ ಇಂಥವರದು ಎಂದು ಬೆರಳು ತೋರಿಸಲು ಯಾವ ಕೂದಲೂ ಸಾಕ್ಷಿಯಲ್ಲ. ವುಡ್‌ಕಾಕ್ ಮೇಲೆ ಗುಮಾನಿ ಬರುವ ಹಾಗೆ ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಹಳೆ ಮೈಸೂರಿಗ

ಡಾಕ್ಟರೇ, ಈ ಬರಹಕ್ಕೆ ಕೈ ಮುಗಿದೆ.

ನಾನು ಬೇರೆ ಒಂದು ವಿಷಯಕ್ಕೆ ಬಂದೆ. ಗೆಲ್ಲದ ಮೂರು ರೇಸುಗಳಲ್ಲಿ ಮೂರನೆಯದನ್ನು ಅಂಕಿ ಪ್ರೇಮಿಯವರು ಹೇಳದೆ ಬಿಟ್ಟಿದ್ದಾರೆ. ಅದು 1931ರ ಮೆಲ್ಬರ್ನ್ ಕಪ್. ಎಂಟನೆಯ ಸ್ಥಾನ. ರೇಸು ಗೊತ್ತಿಲ್ಲದವರಿಗೆ ಇದು ಸೋಲು. ಗೊತ್ತಿದ್ದವರಿಗೆ ಅನ್ಯಾಯ.

ಹ್ಯಾಂಡಿಕ್ಯಾಪ್ ಎಂದರೆ ಇಷ್ಟೇ: ಬಲವಾದ ಕುದುರೆಗೆ ಹೆಚ್ಚು ಭಾರ, ದುರ್ಬಲಕ್ಕೆ ಕಡಿಮೆ. ಜಾಕಿ ಹಗುರವಿದ್ದರೆ ಜೀನಿನಡಿ ಸೀಸ ತುಂಬಿಯಾದರೂ ಗೊತ್ತುಮಾಡಿದ ತೂಕ ಸರಿದೂಗಿಸುತ್ತಾರೆ. ಎಲ್ಲ ಕುದುರೆಗಳೂ ಗೆರೆಯ ಹತ್ತಿರ ಒಟ್ಟಿಗೆ ಬರಬೇಕು ಎಂಬುದು ಉದ್ದೇಶ. ನಮ್ಮ ಬೆಂಗಳೂರು, ಮೈಸೂರಿನಲ್ಲಿಯೂ ಇದೇ ಕ್ರಮ. ತಪ್ಪಲ್ಲ. ಆದರೆ 1931ರಲ್ಲಿ ಫಾರ್ ಲ್ಯಾಪ್ ಮೇಲೆ ಹೇರಿದ್ದು 10 ಸ್ಟೋನ್ 10 ಪೌಂಡ್, ಅಂದರೆ 68 ಕಿಲೋ. ಹಿಂದಿನ ವರ್ಷ ಗೆದ್ದಾಗಿನದಕ್ಕಿಂತ ಐದೂವರೆ ಕಿಲೋ ಹೆಚ್ಚು. ಎರಡು ಮೈಲಿ ಓಟದಲ್ಲಿ! ಗೆದ್ದದ್ದು ವೈಟ್ ನೋಸ್ ಎಂಬ, ಬಹಳ ಹಗುರ ಹೊತ್ತ ಕುದುರೆ. ಯಾವ ಕುದುರೆಯೂ ಫಾರ್ ಲ್ಯಾಪನ್ನು ಸೋಲಿಸಲು ಆಗದಿದ್ದಾಗ ಮೇಜಿನ ಹಿಂದೆ ಕೂತವರು ಪೆನ್ಸಿಲಿನಿಂದ ಸೋಲಿಸಿದರು. ತೊಂಬತ್ತು ವರ್ಷವಾದರೂ ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಅಂಕಿ ಪ್ರೇಮಿ

ಬಿಟ್ಟದ್ದು ನನ್ನ ತಪ್ಪು, ಒಪ್ಪಿಕೊಂಡೆ. ಆದರೂ ಭಾರ ಹಾಕಿದವರನ್ನು ಅಷ್ಟು ಬೈಯಬೇಡಿ. ಅದೇ ಮೈದಾನದಲ್ಲಿ ಹಿಂದಿನ ವರ್ಷ ಮೂರು ಕುದುರೆಯುದ್ದದಿಂದ, ಸಲೀಸಾಗಿ ಗೆದ್ದದ್ದನ್ನು ಕಣ್ಣಾರೆ ಕಂಡವರು ಅವರು. ಇನ್ನು ಎಷ್ಟು ಹಾಕಿದರೆ ಉಳಿದವರಿಗೆ ಒಂದು ಅವಕಾಶ ಸಿಗುತ್ತದೆ ಎಂಬುದನ್ನು ಯಾರಾದರೂ ಗೊತ್ತುಮಾಡಲೇಬೇಕಿತ್ತು. ನನ್ನ ದೃಷ್ಟಿಯಲ್ಲಿ ತಪ್ಪಿದ್ದು ಆ ತೂಕಕ್ಕೂ ಒಪ್ಪಿ ಕುದುರೆಯನ್ನು ಇಳಿಸಿದವರಲ್ಲಿ.

ಹಳೆ ಮೈಸೂರಿಗ

ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಒಪ್ಪಿದೆ.

ಮೆಲ್ಬರ್ನ್ ಕನ್ನಡತಿ

ಒಬ್ಬರು ಖಾಸಗಿಯಾಗಿ ಕೇಳಿದ್ದರು, ಕುದುರೆಯ ದೇಹದ ಉಳಿದ ಭಾಗಗಳು ಎಲ್ಲಿವೆ ಎಂದು. ಚರ್ಮ ಇಲ್ಲಿ ಮೆಲ್ಬರ್ನಿನಲ್ಲಿ. ಅದನ್ನು ತುಂಬಿ ನಿಲ್ಲಿಸಿದವರು ನ್ಯೂಯಾರ್ಕಿನ ಕುಶಲಕರ್ಮಿಗಳು. ಅಸ್ಥಿಪಂಜರ ಹುಟ್ಟಿದ ನಾಡಿನ ವೆಲ್ಲಿಂಗ್ಟನ್‌ನಲ್ಲಿ, ತೆ ಪಾಪಾ ಸಂಗ್ರಹಾಲಯದಲ್ಲಿ. ಹೃದಯ ಕ್ಯಾನ್‌ಬೆರಾದಲ್ಲಿ. ತೂಕ 6.2 ಕಿಲೋ, ಸಾಧಾರಣ ಕುದುರೆಯದಕ್ಕಿಂತ ಬಹಳ ದೊಡ್ಡದು. ನಾವು ಧೈರ್ಯಸ್ಥನನ್ನು "ಗುಂಡಿಗೆ ಇರುವವನು" ಎನ್ನುತ್ತೇವಲ್ಲ, ಇಲ್ಲಿನವರು "ಫಾರ್ ಲ್ಯಾಪ್‌ನಷ್ಟು ದೊಡ್ಡ ಹೃದಯದವನು" ಎನ್ನುತ್ತಾರೆ. 2010ರಲ್ಲಿ ಕಪ್ಪಿನ 150ನೆಯ ಓಟಕ್ಕೆ ವೆಲ್ಲಿಂಗ್ಟನ್ನಿನವರು ಅಸ್ಥಿಪಂಜರವನ್ನು ಕಳಿಸಿಕೊಟ್ಟರು. ಕೆಲವು ಕಾಲ ಚರ್ಮ ಮತ್ತು ಮೂಳೆ ಒಂದೇ ಸೂರಿನಡಿ ನಿಂತಿದ್ದವು.

ಲಾಯದ ಮಗಳು

ಡಾಕ್ಟರ್ ಬರೆದದ್ದನ್ನು ನಿನ್ನೆ ಸಂಜೆ ಅಪ್ಪನಿಗೆ ಓದಿದೆ. ಪೂರ್ತಿ ಕೇಳಿದರು. ಕೊನೆಯಲ್ಲಿ ಕುದುರೆಯ ಬಗ್ಗೆ ಏನೂ ಕೇಳಲಿಲ್ಲ. "ಆ ಹುಡುಗ ಆಮೇಲೆ ಏನು ಮಾಡಿದ? ಕೆಲಸ ಬಿಟ್ಟನೋ?" ಎಂದಷ್ಟೇ ಕೇಳಿದರು.

ಮೆಲ್ಬರ್ನ್ ಕನ್ನಡತಿ

ಬಿಡಲಿಲ್ಲ ಎಂದು ಹೇಳಿ ಅವರಿಗೆ. ಟಾಮಿ ವುಡ್‌ಕಾಕ್ ಊರಿಗೆ ಮರಳಿ, ತಾನೇ ಟ್ರೇನರ್ ಆಗಿ, ಬದುಕಿಡೀ ಕುದುರೆಗಳ ಜೊತೆಯಲ್ಲಿಯೇ ಇದ್ದ. 1977ರಲ್ಲಿ, ಫಾರ್ ಲ್ಯಾಪ್ ಸತ್ತು ನಲವತ್ತೈದು ವರ್ಷವಾದ ಮೇಲೆ, ಅವನ ಲಾಯದಲ್ಲಿ ರೆಕ್‌ಲೆಸ್ ಎಂಬ ಕುದುರೆಯಿತ್ತು. ಬಹಳ ಕಾಲ ಒಂದೂ ರೇಸು ಗೆಲ್ಲದೆ ಇದ್ದ ಕುದುರೆ. ಆ ಒಂದೇ ವರ್ಷದಲ್ಲಿ ಸಿಡ್ನಿ ಕಪ್, ಅಡಿಲೇಡ್ ಕಪ್, ಬ್ರಿಸ್ಬೇನ್ ಕಪ್ ಮೂರನ್ನೂ ಗೆದ್ದಿತು. ಆಗ ವುಡ್‌ಕಾಕ್‌ಗೆ ಎಪ್ಪತ್ತು ದಾಟಿತ್ತು. ಲಾಯಕ್ಕೆ ಬಂದ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದ. ನವೆಂಬರಿನಲ್ಲಿ ಮೆಲ್ಬರ್ನ್ ಕಪ್ಪಿಗೆ ಇಳಿಸಿದಾಗ, ಇದೊಂದು ಅವನಿಗೆ ಸಿಗಲಿ ಎಂದು ಊರಿಗೆ ಊರೇ ಹಾರೈಸಿತ್ತು. ಗೋಲ್ಡ್ ಆ್ಯಂಡ್ ಬ್ಲ್ಯಾಕ್ ಎಂಬ ಕುದುರೆ ಗೆದ್ದಿತು. ರೆಕ್‌ಲೆಸ್ ಎರಡನೆಯದು.

ಈ ಭಾನುವಾರ ಮತ್ತೆ ಸಂಗ್ರಹಾಲಯಕ್ಕೆ ಹೋಗುತ್ತಿದ್ದೇನೆ. ಅಪ್ಪನಿಗೆ ಚಿತ್ರ ತೆಗೆದು ಕಳಿಸಲೇ? ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಬಹುದು.

ಲಾಯದ ಮಗಳು

ಕಳಿಸಿ ಅಕ್ಕ. ಕೇಳಿದೆ. ಮುಖದ್ದು ಒಂದು ಸಾಕಂತೆ. ನಾಲ್ಕೂ ಕಾಲಿನದು ಬೇರೆ ಬೇರೆ ಬೇಕಂತೆ, ಮೊಣಕಾಲಿನಿಂದ ಕೆಳಗೆ.